ನಾಲೆ ಏರಿಯಲ್ಲಿ ಸೂರಕ್ಕಿ ಇಲ್ಲ

ಹೊಸಮನೆ, ಶಿವಮೊಗ್ಗ
ಮೇ 20

ಪ್ರೀತಿಯ ಸುಭದ್ರಾ,

ನಿನ್ನ ಮೊಣಕಾಲು ನೋವು ಹೇಗಿದೆ? ಹುಬ್ಬಳ್ಳಿಯಲ್ಲಿ ಆ ಮೂರನೇ ಮಹಡಿ ಹತ್ತಿ ಇಳಿದು ಹೆಚ್ಚು ಮಾಡಿಕೊಳ್ಳಬೇಡ. ಸ್ಫೂರ್ತಿ ಬಾಣಂತಿ ಊಟ ಸರಿಯಾಗಿ ಮಾಡುತ್ತಾಳೆಯೇ? ಕೂಸು ನಿಮಗೆ ರಾತ್ರಿ ನಿದ್ದೆ ಮಾಡಲು ಬಿಡುತ್ತದೆಯೋ ಇಲ್ಲವೋ? ನಾನು ಚೆನ್ನಾಗಿದ್ದೇನೆ. ಮಾಸ್ತಮ್ಮ ಬಂದು ಅಡುಗೆ ಮಾಡಿಟ್ಟು ಹೋಗುತ್ತಾಳೆ. ಸಾರಿಗೆ ಹುಳಿ ಜಾಸ್ತಿ, ಹೇಳಿದರೆ ಆಕೆಗೇ ಸಿಟ್ಟು.

ಈ ಬೇಸಿಗೆಯ ಕೊನೆ ನನ್ನ ತಲೆ ಕೆಡಿಸಿಬಿಟ್ಟಿದೆ. ನೀನು ಹೋದೆ, ನಿನ್ನ ಹಿಂದೆಯೇ ಹಕ್ಕಿಗಳೂ ಹೋದವು. ಗಾಜನೂರು ಅಣೆಕಟ್ಟೆಯಲ್ಲಿ ನೀರು ಇಳಿದಿದೆ, ಬೆಳ್ಳಕ್ಕಿ, ನೀರುಕಾಗೆಗಳಿಗೇನೂ ಬರವಿಲ್ಲ. ಆದರೆ ಎಲೆಮರೆಯಲ್ಲಿ ಕೂರುವ ಸಣ್ಣ ಹಕ್ಕಿಗಳು ಎಲ್ಲಿ ಹಾಳಾಗಿ ಹೋದವು? ತ್ಯಾವರೆಕೊಪ್ಪದ ಕಡೆ ಬೆಳಗ್ಗೆಯೆಲ್ಲ ಕೂತು ಒಂದು ನವಿಲು ನೋಡಿಕೊಂಡು ಬಂದೆ. ನವಿಲು ನೋಡಲು ಬೈನಾಕ್ಯುಲರ್ ಯಾಕೆ ಬೇಕು, ಹೇಳು! ನೀನಿದ್ದಾಗ “ರೀ, ಎಡಗಡೆ, ಮೇಲಿನ ಕೊಂಬೆ” ಅಂದರೆ ಸಾಕಾಗಿತ್ತು. ನೀನು ಕತ್ತು ತಿರುಗಿಸಿದ ಕಡೆ ನನ್ನ ಬೈನಾಕ್ಯುಲರ್ ತಿರುಗುತ್ತಿತ್ತು, ಹಕ್ಕಿ ಅಲ್ಲೇ ಇರುತ್ತಿತ್ತು. ಈಗ ಮರಗಳನ್ನು ನೋಡಿ ನೋಡಿ ಕತ್ತು ನೋವು ಬಂದಿದೆ.

ಭದ್ರಾವತಿ ನಾಲೆ ಏರಿಯಲ್ಲಿ ಈ ವರ್ಷ ಸೂರಕ್ಕಿ ಇಲ್ಲ, ಸಿಂಪಿಗ ಇಲ್ಲ, ಎಲ್ಲ ಆ ಹೊಸ ಮೊಬೈಲ್ ಟವರಿನಿಂದ ಎಂದು ನಮ್ಮ ಹಕ್ಕಿ ಗ್ರೂಪಿನಲ್ಲಿ ಬರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ನಗುತ್ತೀಯ, ಗೊತ್ತು. ಅದೇ ದಿನ ಅದೇ ಏರಿಯಲ್ಲಿ ಅವೆರಡನ್ನೂ ನೋಡಿದೆ ಎಂದು ಆ ಕಾಲೇಜು ಹುಡುಗಿ ಶೀತಲ್ ಹಾಕಿದಳು. ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಬರೆಯಬೇಡ ಎಂದು ಎಲ್ಲರೆದುರೇ ಬರೆದುಬಿಟ್ಟೆ. “ಹಂಗಾರೆ ಒಟ್ಟಿಗೇ ಹೋಗಿ ನೋಡಣ ಬನ್ನಿ ಅಂಕಲ್” ಎಂದಳು.

ಭಾನುವಾರ ಎಲ್ಲರೂ ಹೋದೆವು. ಒಂದು ಹೊಂಗೆ ಮರದ ಕೆಳಗೆ ನಿಂತು ಅವಳು, “ತಲೆ ಮೇಲೇ ಕೂಗ್ತಾ ಇದೆಯಲ್ಲ ಅಂಕಲ್!” ಎಂದಳು. ಯಾವ ಹಕ್ಕಿಯೂ ಕೂಗುತ್ತಿರಲಿಲ್ಲ, ಆದರೂ ಉಳಿದವರು ಹೌದೆಂದು ತಲೆಯಾಡಿಸಿದರು. ಮೊಬೈಲಿನಲ್ಲಿ ಕೂಗು ಹಾಕಿ ಇವರನ್ನೆಲ್ಲ ಆಟ ಆಡಿಸುತ್ತೀಯಾ ಎಂದು ಗದರಿದೆ. ಅವಳು ಎರಡೂ ಕೈ ಬಿಚ್ಚಿ ತೋರಿಸಿದಳು. ಕೈಯಲ್ಲಿ ಮೊಬೈಲೇ ಇರಲಿಲ್ಲ. ಉಳಿದವರೆಲ್ಲ ಅದೇ ಕೊಂಬೆಯನ್ನು ನೋಡುತ್ತಿದ್ದರು. ನಮ್ಮ ಗ್ರೂಪಿನ ಹರಿಪ್ರಸಾದ್ ನನ್ನ ಹೆಗಲ ಮೇಲೆ ಕೈಯಿಟ್ಟು, “ಬಿಡಿ ಸಾರ್, ತಿಂಡಿಗೆ ಹೋಗಣ” ಎಂದ. ಆ ಕೈ ನನಗೆ ಇಷ್ಟವಾಗಲಿಲ್ಲ. ತಿಂಡಿ ತಿನ್ನದೆ ಬಸ್ಸು ಹತ್ತಿ ಬಂದೆ. ಬರುವ ಭಾನುವಾರ ಗಾಜನೂರಿಗೆ ಹೊಸಬರನ್ನು ನಾನೇ ಕರೆದುಕೊಂಡು ಹೋಗಬೇಕು. ಯಾವ ಮುಖ ಇಟ್ಟುಕೊಂಡು ಹೋಗಲಿ?

ಸ್ಫೂರ್ತಿಗೂ ಕೂಸಿಗೂ ನನ್ನ ಆಶೀರ್ವಾದ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ.

ನಿನ್ನ
ಷಡಕ್ಷರಪ್ಪ

ತಾ.ಕ.: ಅಂಟಿಸಿದ ಕವರನ್ನೇ ಹರಿದು ಇದನ್ನು ಬರೆಯುತ್ತಿದ್ದೇನೆ. ಶೀತಲ್ ಸುಳ್ಳು ಹೇಳಿರಲಿಲ್ಲ. ಕಿವಿ ಡಾಕ್ಟರ ಹತ್ತಿರ ಒಬ್ಬನೇ ಹೋಗಲು ನನಗೆ ಹೆದರಿಕೆ, ಎರಡು ದಿನಕ್ಕಾದರೂ ಬಂದು ಹೋಗು. ಫೋನ್ ಎತ್ತುತ್ತಿಲ್ಲ ಎಂದು ಬೈದುಕೊಳ್ಳಬೇಡ. ಹೋದ ವಾರ ನೀನು ಫೋನನ್ನು ಕೂಸಿನ ಬಾಯಿಗೆ ಹಿಡಿದು, “ಆಗೂ ಅಂತಿದಾಳೆ, ಕೇಳಿಸ್ತಾ ರೀ?” ಎಂದೆಯಲ್ಲ, ಅಬ್ಬಾ ಏನು ಮುದ್ದು ಎಂದು ನಾನೂ ನಕ್ಕೆ. ನನಗೆ ಏನೂ ಕೇಳಿಸಿರಲಿಲ್ಲ, ಸುಭದ್ರಾ.