ಒಂದೇ ಫೈಲು, ಎಲ್ಲ ಬಾಗಿಲು

ಮಾರ್ಚ್ ೩

ಗಿರಾಕಿಗಳ ವಿಳಾಸ ನಿಭಾಯಿಸುವ ಅಡ್ರೆಸ್ ಮಾಡ್ಯೂಲನ್ನು ಇವತ್ತು ಔಷಧಿ ಅಂಗಡಿಯ ಸೈಟಿಗೂ ಸೇರಿಸಿದೆ. ತರಕಾರಿ, ಪುಸ್ತಕ, ಚಪ್ಪಲಿ — ಎಲ್ಲರ ಸೈಟಿನೊಳಗೂ ನನ್ನದೇ ಪೈಥಾನ್ ಫೈಲು. ಹೊಸ ಸೈಟಿನಲ್ಲಿ ಅದನ್ನು ಕರೆಸಿಕೊಳ್ಳುವ ಒಂದು ಇಂಪೋರ್ಟ್ ಸಾಲು ಬರೆದರೆ ಮುಗಿಯಿತು. ಗಿರಾಕಿ ಒಂದು ಅಂಗಡಿಯಲ್ಲಿ ವಿಳಾಸ ಬದಲಿಸಿದರೆ ಉಳಿದೆಲ್ಲ ಕಡೆ ತಾನಾಗಿ ಬದಲಾಗುತ್ತದೆ.

ಬಾಸ್‌ಗೆ ಖುಷಿ. "ನೀವು ಒಂದ್ಸಲ ಬರೀರಿ ಮೇಡಂ, ನಾನು ಸಾಯೋತನಕ ಮಾರ್ತೀನಿ."

ಮಧ್ಯಾಹ್ನ ತಂಗಿ ಫೋನು. ಗಂಡನನ್ನು ಬಿಟ್ಟು ಬಂದಾಗಿನಿಂದ ಟೈಲರಮ್ಮನ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಾಳೆ. ಅದು ನನಗೆ, ಟೈಲರಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ.

"ಅಕ್ಕಾ, ನಿನ್ನ ಔಷಧಿ ಸೈಟಲ್ಲೇ ಥೈರಾಯ್ಡ್ ಮಾತ್ರೆ ಹಾಕ್ಸಿದೀನಿ. ಎರಡು ವಾರಕ್ಕೊಂದ್ಸಲ ತಾನೇ ಬರುತ್ತಂತೆ. ಹಳೇ ತರಕಾರಿ ಲಾಗಿನ್ನೇ ಒಪ್ಕೊಂಡ್ಬಿಡ್ತು ಕಣೇ! ವಿಳಾಸ ಮಾತ್ರ ಬದಲಾಯಿಸ್ದೆ."

"ಮಾಡಿದ್ದು ಯಾರು ಮತ್ತೆ?" ಎಂದೆ. ಜಂಬ. ಇಬ್ಬರೂ ನಕ್ಕೆವು.

ಮಾರ್ಚ್ ೬, ಆಸ್ಪತ್ರೆ

ತಂಗಿಯ ಗಂಡ ಬಾಗಿಲು ಒದ್ದು ಮುರಿದಿದ್ದಾನೆ. ಕೂದಲು ಹಿಡಿದು ಮೆಟ್ಟಿಲ ಮೇಲೆ ಎಳೆದಿದ್ದಾನೆ. ತಂಗಿಯ ಎರಡು ಹಲ್ಲು ಹೋಗಿವೆ. ಹುಬ್ಬು ಸೀಳಿ ಒಳಗಿನ ಬಿಳುಪು ಕಾಣುತ್ತಿತ್ತು. ಟೈಲರಮ್ಮ ಕತ್ತರಿ ಹಿಡಿದು ನುಗ್ಗಿದ್ದಕ್ಕೆ ಅವರ ಮಣಿಕಟ್ಟು ತಿರುಚಿ ಮುರಿದು ಓಡಿದ.

"ನನ್ ಕೈ ಹೋದ್ರೆ ಹೋಗ್ಲಿ ಬಿಡಿ," ಅಂದರು, ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಾ. "ಅವನ ಕಿವಿಗೆ ಕತ್ತರೀಲೇ ಒಂದು ಕಾಜಾ ತೆಗ್ದಿದೀನಿ."

ನಗು ಬರಲಿಲ್ಲ. ಅವನಿಗೆ ವಿಳಾಸ ಹೇಳಿದವರು ಯಾರು?

ಮಾರ್ಚ್ ೭

ನಾನು.

ತಂಗಿ ಊದಿದ ಬಾಯಲ್ಲೇ ಹೇಳಿದಳು. ಹೊಡೆಯುವಾಗ ಅವನು ಕೂಗಿದ್ದಂತೆ — "ತರಕಾರಿ ಆರ್ಡರ್ ಮಾಡೋಕೆ ಕೂತ್ರೆ ನಿನ್ ಹೊಸಾ ಮನೆ ಬಂತಲ್ಲೇ, ಟೈಲರ್ ಅಂಗಡಿ ಮೇಲೆ!" ಅವನ ಮನೆಯ ಲ್ಯಾಪ್‌ಟಾಪಿನಲ್ಲಿ ತರಕಾರಿ ಸೈಟು, ಅವಳ ಲಾಗಿನ್ ತೆರೆದೇ ಇತ್ತು. ಇವಳು ಔಷಧಿ ಸೈಟಿಗೆ ಕೊಟ್ಟ ವಿಳಾಸವನ್ನು ನನ್ನ ಫೈಲು ಹೊತ್ತುಕೊಂಡು ಹೋಗಿ ಅವನ ಮುಂದೆ ಇಟ್ಟಿದೆ. ಅದು ಮಾಡಬೇಕಾದ್ದನ್ನೇ ಮಾಡಿದೆ. ಒಂದು ತಪ್ಪೂ ಇಲ್ಲದೆ.

ಮಾರ್ಚ್ ೧೧

ತಂಗಿ ಈಗ ಟೈಲರಮ್ಮನ ಅಕ್ಕನ ಮನೆಯಲ್ಲಿ, ನಮ್ಮಿಂದ ಎರಡು ಬೀದಿ ಆಚೆ. ಯಾವ ಸೈಟೂ ಮುಟ್ಟಬೇಡ ಎಂದಿದ್ದೇನೆ.

ಪೊಲೀಸ್ ಠಾಣೆ. ಅವನ ಮನೆಗೆ ಬೀಗವಂತೆ, ಲ್ಯಾಪ್‌ಟಾಪ್ ಜೊತೆಗೇ ಒಯ್ದಿರಬೇಕು. ಯಾರು ಯಾವಾಗ ಯಾವ ಪುಟ ತೆರೆದರೆಂದು ಹೇಳುವ ಸರ್ವರ್ ಲಾಗ್ ತೋರಿಸಿದೆ — ತರಕಾರಿ ಸೈಟಿನಲ್ಲಿ ಆ ವಿಳಾಸದ ಪುಟ ದಿನಾ ತೆರೆಯುತ್ತಿದ್ದಾನೆ. ಹೊಸತು ಬಂತೇ ಎಂದು ನೋಡಲು. ಇನ್ನೇತಕ್ಕೆ?

"ಇದ್ರಲ್ಲಿ ಅವನು ಎಲ್ಲಿದಾನೆ ಅಂತ ಬರ್ದಿದ್ಯಾ?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ಇಲ್ಲ."

"ಮತ್ತೆ? ಕಣ್ಣಿಗೆ ಬಿದ್ರೆ ಫೋನ್ ಮಾಡಿ."

"ಕಣ್ಣಿಗೆ ಬೀಳೋದು ಹೊಡೆಯೋಕೆ ಬಂದಾಗಲೇ ಅಲ್ವಾ?"

ಮೇಡಂ ಮುಂದಿನವರನ್ನು ಕರೆದರು.

ಮಾರ್ಚ್ ೧೨

ಆ ಲಾಗಿನ್ ಮುಚ್ಚಿಬಿಡಿ ಎಂದರು ಬಾಸ್. ಮುಚ್ಚಿದರೆ ಬೇರೆ ದಾರಿ ಹುಡುಕುತ್ತಾನೆ. ಅದು ನನಗೆ ಕಾಣಿಸುವುದೂ ಇಲ್ಲ.

ಮುಚ್ಚಲಿಲ್ಲ. ಮಾಡ್ಯೂಲಿನಲ್ಲಿ ಒಂದು ಇಫ್ ಷರತ್ತು ಬರೆದೆ. ಕೇಳುತ್ತಿರುವುದು ತಂಗಿಯ ಖಾತೆಯಾದರೆ, ಈ ವಿಳಾಸ ತೋರಿಸು.

ನನ್ನ ವಿಳಾಸ. ಈ ಬಾಡಿಗೆ ಮನೆ ಅವನು ನೋಡಿಲ್ಲ, ತಂಗಿ ಇಲ್ಲಿದ್ದಾಳೆಂದುಕೊಳ್ಳುತ್ತಾನೆ. ಬರುತ್ತಾನೆ. ಬಂದರೆ ಫೋನ್ ಮಾಡುತ್ತೇನೆ, ಹಿಡಿಯುತ್ತಾರೆ. ಲೆಕ್ಕ ಸರಿಯಾಗಿದೆ.

ಹಾಗಾದರೆ ಹಾರ್ಡ್‌ವೇರ್ ಅಂಗಡಿಯಿಂದ ಸಲಾಕೆ ಯಾಕೆ ತಂದೆ?

ಮಾರ್ಚ್ ೧೪

ಬರಲಿಲ್ಲ. ರಜೆ ಹಾಕಿ ಕಿಟಕಿಯ ಬಳಿ ಕೂತೆ. ಮಧ್ಯಾಹ್ನ ದಿಂಬನ್ನು ಗೋಡೆಗೆ ಒರಗಿಸಿ ಸಲಾಕೆ ಬೀಸಿ ನೋಡಿದೆ. ಹತ್ತಿ ಕೋಣೆ ತುಂಬಾ. ಸಿಟ್ಟೆಂದರೆ ಅಸಹ್ಯ ಎಂದು ಬೆಳೆದವಳು ನಾನು. ಶಾಲೆಯಲ್ಲಿ ಸೌಮ್ಯ ನಡತೆಗೆ ಬಹುಮಾನ ಬೇರೆ. ತೋಳು ನೋಯುತ್ತಿದೆ, ಹಿತವಾಗಿ.

ಮಾರ್ಚ್ ೧೭, ಸಂಜೆ. ಮತ್ತೆ ಆಸ್ಪತ್ರೆ

 ಮರೆಯುವ ಮೊದಲು ಬರೆಯಬೇಕು.

ಹನ್ನೊಂದರ ಹೊತ್ತಿಗೆ ಎದುರು ಫುಟ್‌ಪಾತಿನಲ್ಲಿ ಕಂಡ. ಕಿವಿಗೆ ಬ್ಯಾಂಡೇಜು. ಮನೆ ನಂಬರ್ ನೋಡುತ್ತಿದ್ದ. ಠಾಣೆಗೆ ಫೋನ್ ಮಾಡಿದೆ. ಹೊರಟೆವು ಎಂದರು. ಎಲ್ಲ ನಾನು ಬರೆದ ಹಾಗೇ.

ಕೆಳಗಿಡುವ ಮೊದಲೇ ತಂಗಿಯ ಫೋನು.

"ಅಕ್ಕಾ, ಮಾತ್ರೆ ಇವತ್ತು ನಿನ್ ಮನೆಗೆ ಬರುತ್ತಂತೆ, ಮೆಸೇಜ್ ಬಂತು. ಯಾಕೆ ಹೇಳ್ಲಿಲ್ಲ? ಇರ್ಲಿ, ಬಂದೇಬಿಟ್ಟೆ, ನಿನ್ ಬೀದಿ ತಿರುವಲ್ಲಿದೀನಿ."

ಮಾತ್ರೆ. ತಾನೇ ಬರುವ ಆರ್ಡರ್. ನಾನು ಯೋಚಿಸಿದ್ದು ತರಕಾರಿ ಪುಟವನ್ನು ಮಾತ್ರ. ಔಷಧಿ ಅಂಗಡಿಯೂ ಕೇಳುವುದು ಅದೇ ಫೈಲನ್ನು. ಒಂದೇ ತಪ್ಪು, ಎರಡನೇ ಸಲ — ಈ ಸಲ ಗೊತ್ತಿದ್ದವಳಿಂದ.

"ಹಿಂದೆ ಹೋಗು" ಎಂದು ಕಿರುಚಿದೆ. ಅವಳು ನಿಂತಳು. ನಿಂತದ್ದೇ ಅವನ ಕಣ್ಣಿಗೆ ಬಿತ್ತು.

ಸಲಾಕೆ ಹಿಡಿದು ಇಳಿದು ಓಡಿದೆ. ಅವನ ಕೈ ಅವಳ ಕುತ್ತಿಗೆಯ ಮೇಲಿತ್ತು. ಹಿಂದಿನಿಂದ ಭುಜಕ್ಕೆ ಹೊಡೆದೆ. ತಿರುಗಿದ. ಮೊಣಕಾಲಿಗೆ ಹೊಡೆದೆ. ಸೌದೆ ಮುರಿದಂತೆ ಸದ್ದು. ಬಿದ್ದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಬಿದ್ದವನಿಗೆ ಹೊಡೆದೆ. ಪಕ್ಕೆಗೆ, ಕೈಗೆ, ಬಾಯಿಗೆ. ಅವನು ಕೂಗುವುದನ್ನು ಬಿಟ್ಟ ಮೇಲೂ. ಎಷ್ಟು ಹೊತ್ತೋ. ಜೀಪು ಬಂದದ್ದು ಕೇಳಿಸಲಿಲ್ಲ. ಇನ್ಸ್‌ಪೆಕ್ಟರ್ ಮೇಡಂ ಸಲಾಕೆ ಕಿತ್ತುಕೊಂಡು, "ಸಾಕಮ್ಮಾ, ಸತ್ತೇ ಹೋಗ್ತಾನೆ" ಅಂದರು.

ಇನ್ನೂ ಸತ್ತಿಲ್ಲ. ಒಳಗೆ ಆಪರೇಷನ್. ಬದುಕಲಿ ಎಂದು ನನಗೆ ಅನಿಸುತ್ತಿದೆಯೇ? ಅನಿಸಬೇಕು ಎಂದು ಮಾತ್ರ ಅನಿಸುತ್ತಿದೆ.

ತಂಗಿಗೆ ಪೆಟ್ಟಾಗಿಲ್ಲ. ಕುತ್ತಿಗೆಯ ಮೇಲೆ ಬೆರಳಿನ ಗುರುತು, ಅಷ್ಟೆ. ಅವಳ ಮೈಮೇಲೆ ಚಿಮ್ಮಿದ ರಕ್ತ ಒರೆಸಲು ಹತ್ತಿರ ಹೋದೆ. ಎರಡೂ ಕೈ ತಲೆಗೆ ಅಡ್ಡ ಹಿಡಿದು ಗೋಡೆಗೆ ಅಂಟಿಕೊಂಡಳು.

"ನಾನು ಕಣೇ," ಎಂದೆ. "ಅಕ್ಕ."

ಕೈ ಇಳಿಸಲಿಲ್ಲ.

ಈಗ ಬೆಂಚಿನ ಆ ತುದಿಯಲ್ಲಿ ಕೂತಿದ್ದಾಳೆ. ನಾನು ಈ ತುದಿಯಲ್ಲಿ. ನಡುವೆ ಮಹಿಳಾ ಕಾನ್‌ಸ್ಟೇಬಲ್. ನನ್ನ ಕಾವಲಿಗೆ ಎಂದುಕೊಂಡಿದ್ದೆ. ಈಗ ತಾನೆ ತಂಗಿ ಬಗ್ಗಿ ಅವರ ಕಿವಿಯಲ್ಲಿ ಏನೋ ಕೇಳಿದಳು. ಅವರು ನನ್ನ ಕಡೆ ನೋಡಿ, "ಇಲ್ಲಮ್ಮ, ಅವರನ್ನ ನಿನ್ ಜೊತೆ ಕಳ್ಸಲ್ಲ, ಹೆದರ್ಬೇಡ," ಅಂದರು.