ಮೊಟ್ಟೆಯ ಹಳದಿ

ಮರವಳ್ಳಿ, ಬಂಗಾರಪೇಟೆ ತಾಲ್ಲೂಕು
೧೦ ಮೇ ೧೯೬೪

ನಮ್ಮ ಮುತ್ಯಾಲುವಿನ ಅಪ್ಪನಿಗೆ, ಮುನಿಗಂಗಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ಅತ್ತೆ, ಮಾವ, ದನಕರು ಎಲ್ಲರೂ ಕ್ಷೇಮ. ನೀವು ನಂದಿದುರ್ಗದ ಚಿನ್ನದ ಗಣಿಯಲ್ಲಿ ಇಳಿದು ಹತ್ತುವವರೆಗೆ ನನಗೆ ಇಲ್ಲಿ ಜೀವದಲ್ಲಿ ಜೀವವಿರುವುದಿಲ್ಲ. ಒಂದು ಕಾರ್ಡು ಗೀಚಿದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ನಾನೂ ತಡಮಾಡಿದೆನೆಂದು ಬೈಯಬೇಡಿ. ಮೈ ಸರಿಯಿರಲಿಲ್ಲ, ತಲೆಯೆಲ್ಲ ಗೊಂದಲ.

ಮೊದಲು ಮುತ್ಯಾಲುವಿನ ವಿಷಯ. ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ಎಡವುತ್ತಾಳೆ. ಮುಂದಿಟ್ಟ ತಟ್ಟೆ ಕಾಣದೆ ನೆಲ ತಡಕುತ್ತಾಳೆ. ಬ್ಲಾಕ್ ಆಫೀಸಿನ ಗ್ರಾಮಸೇವಿಕೆ ಪಾಪಕ್ಕ ರೆಪ್ಪೆ ಎಳೆದು ನೋಡಿ, “ಇದು ಇರುಳುಗಣ್ಣು ಕಣಮ್ಮ. ಸೊಪ್ಪು, ಪರಂಗಿ ಅಣ್ಣು, ಮೊಟ್ಟೆ ತಿನ್ಸು. ಇಂಗೇ ಬಿಟ್ರೆ ಕಣ್ಣೇ ಓಯ್ತದೆ” ಅಂದಳು.

ಸೊಪ್ಪು ಎಲ್ಲಿಂದ ತರಲಿ? ಹೋದ ವರ್ಷ ಇದೇ ಪಾಪಕ್ಕ ಬೀಜ ಕೊಟ್ಟು ಹಿತ್ತಲಲ್ಲಿ ದಂಟಿನ ಮಡಿ ಮಾಡಿಸಿದ್ದಳು. ಈ ಸಲ ಬೇಸಾಯದ ಸಾಹೇಬರು ಶ್ರೀನಿವಾಸಪ್ಪನವರು ಬಂದು ಮಾವನಿಗೆ, “ಸೊಪ್ಪು ಯಾರ್ರೀ ಕೊಳ್ತಾರೆ? ಕೋಸು ಹಾಕಿ, ಆಂಡರ್ಸನ್‌ಪೇಟೆಯಲ್ಲಿ ಮುಗಿಬೀಳ್ತಾರೆ” ಅಂದರು. ಮಾವ ದಂಟು ಕಿತ್ತರು, ಕೋಸಿಗೆ ನೆರಳಾಗುತ್ತದೆಂದು ನುಗ್ಗೆಮರವನ್ನೂ ಕಡಿದರು. ಈಗ ಪಾಪಕ್ಕ ಬಂದು ಸೊಪ್ಪೆಲ್ಲಿ ಅಂತ ನನ್ನನ್ನು ಬೈಯುತ್ತಾಳೆ. ಇಬ್ಬರೂ ಒಂದೇ ಆಫೀಸಿನವರು, ಒಂದೇ ಜೀಪಿನಲ್ಲಿ ಬರುವವರು. ದಾರಿಯಲ್ಲಿ ಒಂದು ಮಾತೂ ಆಡಿಕೊಳ್ಳುವುದಿಲ್ಲವೇ? ಕೋಸೆಲ್ಲ ರೈಲು ಹತ್ತಿ ನಿಮ್ಮ ಕಡೆಗೇ ಹೋಗುತ್ತದೆ. ನಮ್ಮ ಹಿತ್ತಲಿನದನ್ನೇ ನೀವು ಕೊಂಡು ತಿನ್ನುತ್ತಿದ್ದರೂ ತಿನ್ನುತ್ತಿರಬಹುದು.

ನಮ್ಮ ನಾಟಿ ಕೋಳಿಗಳು ರೋಗಕ್ಕೆ ಹೋದವು. ಮಹಿಳಾ ಮಂಡಲಿಯಲ್ಲಿ ಬ್ಲಾಕಿನ ಬಿಳಿ ಕೋಳಿಗಳ ಮೊಟ್ಟೆ ಹಂಚುತ್ತಾರೆ, ಆದರೆ ಬಸುರಿಯರಿಗೆ, ಐದು ತುಂಬದ ಮಕ್ಕಳಿಗೆ ಮಾತ್ರ. ಮುತ್ಯಾಲುವಿಗೆ ಐದು ತುಂಬಿತಲ್ಲ! “ಅವ್ಳು ಇನ್ನು ಇಸ್ಕೂಲ್ನೋರ ಪಾಲು” ಅಂತಾಳೆ ಪಾಪಕ್ಕ. ಮೇಷ್ಟ್ರು, “ಈಗ ರಜ. ಸ್ಕೂಲು ತೆರೆದ ಮೇಲೆ ಸೇರಿಸಿ, ಹಾಲಿನ ಪುಡಿ ಕೊಡೋಣ” ಅಂತಾರೆ. ಹಾಗಾದರೆ ಈ ಬೇಸಿಗೆಯಲ್ಲಿ ನನ್ನ ಮಗಳು ಯಾರ ಪಾಲು?

ಬಸುರಿಯರು ಬೇಯಿಸಿದ ಮೊಟ್ಟೆಯನ್ನು ಅಲ್ಲೇ ಕೂತು ತಿನ್ನಬೇಕು. ಮನೆಗೆ ತಂದರೆ ಗಂಡಸರ ತಟ್ಟೆಗೆ ಹೋಗುತ್ತದೆಂದು ಪಾಪಕ್ಕ ಮಾಡಿದ ಕಾನೂನು, ಅದೇನೂ ಸುಳ್ಳಲ್ಲ ಬಿಡಿ. ಬಸುರಿಯರ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯಲ್ಲ, ನಾನು ಬಿಳಿಯದನ್ನು ಅವಳೆದುರಿಗೆ ತಿಂದು, “ಅಳದಿ ನೋಡಿದ್ರೆ ವಾಂತಿ ಬತ್ತೈತೆ ಅಕ್ಕ, ಮನೇಲಿ ಉಪ್ಪಾಕ್ಕೊಂಡು ತಿಂತೀನಿ” ಅಂತ ಹಳದಿಯನ್ನು ಸೆರಗಿನಲ್ಲಿ ಕಟ್ಟಿ ತಂದು ಮುತ್ಯಾಲುವಿನ ಬಾಯಿಗೆ ಹಾಕುತ್ತೇನೆ. ಮೊನ್ನೆ ಮುಸ್ಸಂಜೆ ತಟ್ಟೆಯನ್ನು ತಾನೇ ನೋಡಿ ಎಳೆದುಕೊಂಡಳು. ನನಗೆ ಅಳು ಬಂತು. ಇದು ಕಳ್ಳತನವೋ ಅಲ್ಲವೋ ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ, ನಿಲ್ಲಿಸುವ ಧೈರ್ಯವೂ ಇಲ್ಲ.

ಅತ್ತೆ ನಿಮಗೆ ಆಶೀರ್ವಾದ ಹೇಳಿ, “ಮೊಮ್ಮಗ ಉಟ್ಟೋದ್ರೊಳ್ಗೆ ಒಂದ್ಕಿತ ಬಂದೋಗ್ಲಾ ಅಂತ ಬರಿ” ಅಂದರು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿಮ್ಮ
ಮುನಿಗಂಗಮ್ಮ

ಮರೆತ ಮಾತು: ಕಾಗದವನ್ನು ಅಲ್ಲಿ ನಿಮ್ಮ ಪಕ್ಕದ ಮನೆ ಆರುಮುಗಂ ಅಣ್ಣನಿಗೆ ಓದಿ ಹೇಳುತ್ತೀರಲ್ಲ, ಇಷ್ಟನ್ನು ಮಾತ್ರ ಹೇಳಬೇಡಿ. ಹೊಟ್ಟೆಯಲ್ಲಿದ್ದದ್ದು ಹೋಯಿತು. ಯುಗಾದಿ ಆದ ಮರುವಾರ, ಕೋಸಿಗೆ ನೀರು ಕಟ್ಟುತ್ತಿದ್ದಾಗ. ಒಬ್ಬಳೇ ಇದ್ದೆ. ಅತ್ತೆಗೂ ಹೇಳಿಲ್ಲ, ಹೇಳಿದರೆ ಮೊಟ್ಟೆ ನಿಲ್ಲುತ್ತದೆ. ಇನ್ನು ಎಷ್ಟು ದಿನ ಮುಚ್ಚಿಡಲಿ, ಗೊತ್ತಾಗುತ್ತಿಲ್ಲ. ಮೊಟ್ಟೆ ಕೊಡುವಾಗಲೆಲ್ಲ ಪಾಪಕ್ಕ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, “ಎಂಗವ್ನೆ ನಮ್ ಮಗ?” ಅಂತ ಕೇಳುತ್ತಾಳೆ. ಚೆನ್ನಾಗವ್ನೆ ಅಕ್ಕ, ಅನ್ನುತ್ತೇನೆ.