ರಸ್ತೆ ಅಗೆಯದೆ

ಜಯನಗರ ನಾಲ್ಕನೇ ಟಿ ಬ್ಲಾಕ್, ಬೆಂಗಳೂರು
11 ಆಗಸ್ಟ್ 2024

ಪ್ರೀತಿಯ ಸೀನು,

ಹೇಗಿದ್ದೀಯ? ಮೂಗಿನಿಂದ ರಕ್ತ ಬರುವುದು ನಿಂತಿತೇ? ರಾತ್ರಿಯಿಡೀ ದೂರದರ್ಶಕದ ಮುಂದೆ ಕೂತು ಹಗಲು ಮಲಗುವವರು ಊಟ ಮರೆಯುತ್ತಾರೆಂದು ನಿನ್ನ ಅತ್ತಿಗೆಗೆ ಚಿಂತೆ. ನೀನು ಯಾವ ಕಾಲಕ್ಕೂ ಮರೆತವನಲ್ಲವೆಂದು ಸಮಾಧಾನ ಹೇಳಿದ್ದೇನೆ. ನಾವಿಬ್ಬರೂ ಕ್ಷೇಮ. ಇದು ಅಮ್ಮನ ವಿಷಯ. ಫೋನಿನಲ್ಲಿ ಹೇಳುವಂತಿಲ್ಲ, ನಿನ್ನ ಫೋನು ಬಂತೆಂದರೆ ಅವಳೇ ಎತ್ತುತ್ತಾಳೆ. ಅದಕ್ಕೇ ಈ ಮೇಲ್.

ಅಮ್ಮ ನಿನ್ನಲ್ಲಿಗೆ, ಲಡಾಖಿಗೆ ಹೊರಡುವ ಮುಂಚೆ ಅವಳ ಹೃದಯ ತೋರಿಸು ಎಂದಿದ್ದೆಯಲ್ಲ, ಸೋಮವಾರ ಎಕೋ ಮಾಡಿಸಿದೆ. ಡಾಕ್ಟರ್ ದಾನಮ್ಮ ಬಾಗಲಕೋಟೆಯ ಕಡೆಯವರು. ಅಮ್ಮನನ್ನು ಎಡ ಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಬಹಳ ಹೊತ್ತು ಒಂದೇ ಜಾಗ ನೋಡಿದರು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಹೆಚ್ಚಾಗಿದೆಯಂತೆ. ಬಲಗಡೆಯ ಕವಾಟದಿಂದ ರಕ್ತ ಕೊಂಚ ಹಿಂದಕ್ಕೆ ಚಿಮ್ಮುತ್ತದೆ. ಆ ವೇಗದಿಂದಲೇ ಒತ್ತಡದ ಅಂದಾಜು. ಪರದೆಯ ಮೇಲೆ ಹೃದಯದ ಬಲಗೋಣೆ ಉಬ್ಬಿ, ದುಂಡಗಿರಬೇಕಾದ ಎಡಗೋಣೆಯನ್ನು ಒತ್ತಿ ಅರ್ಧಚಂದ್ರ ಮಾಡಿತ್ತು. ಅದು ಅಮ್ಮನ ಹೃದಯವೆನ್ನುವುದನ್ನು ಮರೆತು ಸ್ವಲ್ಪ ಹೊತ್ತು ಆ ಆಕಾರವನ್ನಷ್ಟೇ ನೋಡುತ್ತಿದ್ದೆ. ಒಳಗೆ ಏನೂ ತೂರಿಸದೆ ಹೇಗೆ ತಿಳಿಯಿತೆಂದು ಅಮ್ಮ ಕೇಳಿದಳು.

“ಕಾವೇರಿ ನೀರಿನ ಪೈಪು ಸೀಳಿದ್ರ, ಚಿಮ್ಮೋದು ನೋಡೇ ಪ್ರೆಶರ್ ಹೇಳಬಹುದಲ್ರಿ ಅಮ್ಮಾರ? ಅದಕ್ಕ ರಸ್ತೆ ಅಗೀಬೇಕಂತ ಏನಿಲ್ಲ.”

“ಹಾಗಾದ್ರೆ ನಮ್ಮ ಬೀದಿ ಅಗೆಯೋರಿಗೂ ಒಂದು ಮೆಷಿನ್ ಕೊಡಮ್ಮ,” ಎಂದಳು ಅಮ್ಮ.

ನಡೆದರೆ ಏದುಸಿರು ಬರುತ್ತದೆಯೇ ಎಂದರೆ ಇಲ್ಲವೆಂದೇ ಸಾಧಿಸಿದಳು. ದಿನಾ ದೇವಸ್ಥಾನದವರೆಗೆ ಹೋಗಿಬರುತ್ತೇನೆಂದಳು, ಅದು ನಿಜವೇ. ಡಾಕ್ಟರು ಕಾರಿಡಾರಿನಲ್ಲಿ ನಡೆಸಿ ನೋಡಿದರು. ಅಮ್ಮ ಸ್ವಲ್ಪ ದೂರ ಹೋಗಿ ಕ್ಯಾಲೆಂಡರಿನ ಮುಂದೆ ನಿಂತಳು. ಮತ್ತೆ ಸ್ವಲ್ಪ ನಡೆದು, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೇಲಿನ ಬರಹವನ್ನು ಪೂರ್ತಿ ಓದಿದಳು. ಅದರಾಚೆಗೆ ಗೋಡೆ ಖಾಲಿಯಿತ್ತು. ನಡುವೆ ನಿಂತುಬಿಟ್ಟಳು.

“ಇಲ್ಲಿ ನೋಡೋಕೆ ಏನೂ ಇಟ್ಟಿಲ್ವಲ್ಲಮ್ಮ ನೀವು.”

ಆಗ ಹೊಳೆಯಿತು. ನಮ್ಮ ರಸ್ತೆಯಲ್ಲಿ ಒಂದೊಂದು ಗೇಟಿನ ಮುಂದೂ ನಿಂತು ರಂಗೋಲಿ ಹೊಗಳುತ್ತಾಳೆ, ದಾಸವಾಳದ ಕಡ್ಡಿ ಕೇಳುತ್ತಾಳೆ, ಮಕ್ಕಳ ಮಾರ್ಕ್ಸು ವಿಚಾರಿಸುತ್ತಾಳೆ. ಅಮ್ಮಣ್ಣಿಯವರಿಗೆ ಎಷ್ಟು ಜನರ ಬಳಕೆ ಎಂದು ಬೀದಿಯವರೆಲ್ಲ ಅಮ್ಮನನ್ನು ಮೆಚ್ಚುತ್ತಾರೆ. ಉಸಿರು ಸಾಲದ್ದಕ್ಕೆ ಇಷ್ಟೊಂದು ಸ್ನೇಹ ಸಂಪಾದಿಸಬಹುದೆಂದು ನನಗೆ ತಿಳಿದಿರಲಿಲ್ಲ. ಗೊತ್ತಾದರೆ ನಿನ್ನಲ್ಲಿಗೆ ಕಳಿಸುವುದಿಲ್ಲವೆಂದು ಬಚ್ಚಿಟ್ಟಿದ್ದಳಂತೆ. ಆಟೋದಲ್ಲಿ ಹೇಳಿದಳು, ನನ್ನ ಕಡೆ ನೋಡದೆ.

ಗಾಬರಿಯಾಗಬೇಡ. ಗುರುವಾರ ಸಿ.ಟಿ. ಸ್ಕ್ಯಾನಿನಲ್ಲಿ ಕಾರಣವೂ ಸಿಕ್ಕಿತು: ಮಂಡಿ ಆಪರೇಷನ್ ಆಗಿ ಮಲಗಿದ್ದ ಕಾಲದಲ್ಲಿ ಕಾಲಿನಿಂದ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಹಳೆಯ ರಕ್ತದ ಹೆಪ್ಪುಗಳು. ಈ ಕಾಯಿಲೆಯಲ್ಲಿ ಗುಣವಾಗುವ ಬಗೆಯೇನಾದರೂ ಇದ್ದರೆ ಇದೇ ಎಂದರು ಡಾಕ್ಟರು. ರಕ್ತ ತೆಳುವಾಗುವ ಮಾತ್ರೆ ಶುರುವಾಗಿದೆ. ಹೃದಯದೊಳಕ್ಕೆ ನಳಿಕೆ ತೂರಿಸಿ ಒತ್ತಡ ಖಚಿತವಾಗಿ ಅಳೆಯಬಾರದೇ ಎಂದು ನೀನು ಕೇಳುತ್ತೀಯೆಂದು ಬಲ್ಲೆ. ಹೆಪ್ಪು ತೆಗೆಯುವ ಆಪರೇಷನ್ನಿನ ಮಾತು ಬಂದಾಗ ಅದೂ ಆಗಲೇಬೇಕು. ಆದರೆ ಈಗಿನ ತೀರ್ಮಾನಕ್ಕೆ ಈ ಚಿತ್ರಗಳು ಸಾಕು. ನಾನೂ ಅವುಗಳನ್ನು ನೋಡಿದ್ದೇನೆ, ಡಾಕ್ಟರನ್ನೂ ನೋಡಿದ್ದೇನೆ. ನಂಬುತ್ತೇನೆ. ಸಾಮಾನ್ಯವಾಗಿ ನಾನು ಹೀಗೆ ಹೇಳುವವನಲ್ಲವೆಂದು ನಿನಗೆ ಗೊತ್ತು.

ಅತ್ತಿಗೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಒಳ್ಳೆಯದಾಗಲಿ, ಮೈ ಬೆಚ್ಚಗಿಟ್ಟುಕೋ.

ನಿನ್ನ ಅಣ್ಣ,
ತಿರುಮಲೇಶ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಉಳಿಯಿತು. ಅಷ್ಟೆತ್ತರದಲ್ಲಿ ಈ ಒತ್ತಡ ಇನ್ನೂ ಏರುತ್ತದೆ, ಹೋಗಲೇಕೂಡದು ಎಂದಿದ್ದಾರೆ ಡಾಕ್ಟರು. ಅಮ್ಮ ಒಪ್ಪುತ್ತಿಲ್ಲ. ಸೂಟ್‌ಕೇಸು ಕಟ್ಟಿಟ್ಟು, ಟಿಕೆಟ್ ಮುಟ್ಟಬೇಡವೆಂದು ಹಟ ಹಿಡಿದಿದ್ದಾಳೆ. ಇವತ್ತು ಬೆಳಿಗ್ಗೆ ನಾನು ಗಟ್ಟಿಯಾಗಿ, “ಬೇಡಮ್ಮ, ಹೋಗ್ಬೇಡ” ಎಂದೆ. ಕಾಫಿ ಲೋಟ ಕೆಳಗಿಟ್ಟು ಕೇಳಿದಳು, “ಇದು ನಿನ್ನ ಮಾತೋ, ಸೀನೂದೋ?” “ಸೀನೂದೇ,” ಎಂದುಬಿಟ್ಟೆ.